ಎರಡು ಬಾವುಟಗಳ ‘ರೆಸ್ಟೊರೇಷನ್’

ಹದಿನೆಂಟನೇ ಶತಮಾನದ ಮುಂಬಯಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ತನ್ನದೇ ಪುಟ್ಟ ನೌಕಾಪಡೆಯಿತ್ತು. ಹೆಸರು ಬಾಂಬೆ ಮರೀನ್. ವ್ಯಾಪಾರದ ಹಡಗುಗಳನ್ನು ಕೊಂಕಣ, ಕನ್ನಡ, ಮಲಬಾರ್ ಕರಾವಳಿಗಳಲ್ಲಿ ಕಾಯುವುದು ಅದರ ಕೆಲಸ. ‘ರೆಸ್ಟೊರೇಷನ್’ ಆ ಪಡೆಯ ಒಂದು ದೊಡ್ಡ ಯುದ್ಧನೌಕೆ. 1749ರಲ್ಲಿ ತುಳಾಜಿ ಆಂಗ್ರೆಯ ಹಡಗುಗಳು ಅದನ್ನು ಸೆರೆಹಿಡಿದವು.

ಆಂಗ್ರೆಯವರ ಬಲವಿದ್ದದ್ದು ಗುರಾಬ್ ಮತ್ತು ಗಲಬತ್‌ಗಳಲ್ಲಿ. ಗುರಾಬ್‌ಗಳು ಎದುರಾಳಿಯ ಹಿಂಭಾಗಕ್ಕೆ ಬಂದು ಫಿರಂಗಿ ಹಾರಿಸುತ್ತಿದ್ದವು. ಹುಟ್ಟು ಹಾಕುವ ಗಲಬತ್‌ಗಳು ಗಾಳಿಯಿಲ್ಲದಾಗ ಅವನ್ನು ಎಳೆದೊಯ್ಯುತ್ತಿದ್ದವು. ಅಂಥ ಪಡೆಗೆ ಸೆರೆಸಿಕ್ಕ ದೊಡ್ಡ ಹಡಗೆಂದರೆ ಕಟ್ಟುವ ಖರ್ಚಿಲ್ಲದೆ ದಕ್ಕಿದ ಆಸ್ತಿ. ಮುಂಬಯಿಯನ್ನು ಕಾಯುತ್ತಿದ್ದ ಹಡಗು ವಿಜಯದುರ್ಗದ ಕಾವಲಿಗೆ ನಿಂತಿತು.

ಇಂಗ್ಲಿಷರು ತುಳಾಜಿಯನ್ನು ಕಡಲ್ಗಳ್ಳನೆಂದರು. ಆದರೆ ಆಂಗ್ರೆಯವರು ಕೇಳುತ್ತಿದ್ದದ್ದು ತಮ್ಮ ದಸ್ತಕ್; ದಸ್ತಕ್ ಇಲ್ಲದ ಹಡಗು ಅವರ ವಶ. ಕಂಪನಿಯೂ ತನ್ನ ರಹದಾರಿ ಕೊಡುತ್ತಿತ್ತು. ಹಾಗಾಗಿ ಜಗಳವಿದ್ದದ್ದು ಈ ಕಡಲಿನ ಒಡೆಯ ಯಾರು ಎಂಬುದರಲ್ಲಿ.

ತುಳಾಜಿಗೆ ಪೇಶ್ವೆ ಬಾಲಾಜಿ ಬಾಜಿರಾಯನ ಜೊತೆಗೂ ಹಗೆಯಿತ್ತು. ಪೇಶ್ವೆ ಇಂಗ್ಲಿಷರೊಡನೆ ಕೈಜೋಡಿಸಿದ. 1755ರಲ್ಲಿ ಸುವರ್ಣದುರ್ಗ ಬಿತ್ತು. 1756ರ ಫೆಬ್ರವರಿಯಲ್ಲಿ ಅಡ್ಮಿರಲ್ ವಾಟ್ಸನ್ನನ ನೌಕೆಗಳು, ರಾಬರ್ಟ್ ಕ್ಲೈವನ ಸೈನಿಕರೊಂದಿಗೆ, ಮುಂಬಯಿಯಿಂದ ವಿಜಯದುರ್ಗಕ್ಕೆ ಹೊರಟವು. ಕೋಟೆಯ ಗೋಡೆಯಡಿ ಆಂಗ್ರೆಯ ಹಡಗುಗಳು ಒತ್ತೊತ್ತಾಗಿ ನಿಂತಿದ್ದವು. 12ರಂದು ಇಂಗ್ಲಿಷರ ಸಿಡಿಗುಂಡೊಂದು ‘ರೆಸ್ಟೊರೇಷನ್’ ಮೇಲೆಯೇ ಬಿತ್ತೆಂದು ವಾಟ್ಸನ್ನನ ವೈದ್ಯ ಎಡ್ವರ್ಡ್ ಐವ್ಸ್ ಬರೆದಿದ್ದಾನೆ. ಹತ್ತಿದ ಬೆಂಕಿ ಇಡೀ ಪಡೆಗೆ ಹಬ್ಬಿತು. ಆಂಗ್ರೆಯವರು ಗೆದ್ದು ತಂದ ಹಡಗೇ ಅವರ ಹಡಗುಗಳಿಗೆಲ್ಲ ಕೊಳ್ಳಿಯಾಯಿತು.

ಮರುದಿನ ಕೋಟೆ ಇಂಗ್ಲಿಷರ ಕೈಸೇರಿತು. ಸುಮಾರು ಹತ್ತು ಲಕ್ಷ ರೂಪಾಯಿಯ ಲೂಟಿಯನ್ನು ಅವರೇ ಹಂಚಿಕೊಂಡರು. ಪೇಶ್ವೆಯ ಕಡೆಯವರಿಗೆ ಪಾಲು ಸಿಗಲಿಲ್ಲ. ತುಳಾಜಿ ಮರಾಠರ ಸೆರೆಯಲ್ಲೇ ಕೊನೆಯುಸಿರೆಳೆದ. ಮನೆಯ ಜಗಳಕ್ಕೆ ಹೊರಗಿನವರನ್ನು ಕರೆದ ಪೇಶ್ವೆ ಕಳೆದುಕೊಂಡದ್ದು ಬರಿಯ ಲೂಟಿಯ ಪಾಲನ್ನಲ್ಲ. ಪಶ್ಚಿಮ ಕರಾವಳಿಯಲ್ಲಿ ಇಂಗ್ಲಿಷರನ್ನು ತಡೆಯಬಲ್ಲ ಪಡೆಯೊಂದು ಆ ಒಂದೇ ದಿನದಲ್ಲಿ ಬೂದಿಯಾಗಿತ್ತು. ಮರುವರ್ಷವೇ ಕ್ಲೈವ್ ಮತ್ತು ವಾಟ್ಸನ್ ಇಬ್ಬರೂ ಬಂಗಾಳದಲ್ಲಿದ್ದರು. ಪ್ಲಾಸಿ ಕದನ ನಡೆದದ್ದು ಆಗ.

ಕಂಪನಿಯ ಆಡಳಿತ ನಡೆದಿದ್ದ ಬಾಂಬೆ ಕ್ಯಾಸಲ್ ಆವರಣದಲ್ಲಿ ಇಂದು ಭಾರತೀಯ ನೌಕಾಪಡೆಯ ನೆಲೆಯಿದೆ. ತುಳಾಜಿಯ ತಂದೆ ಕಾನ್ಹೋಜಿಯ ನೆನಪಿಗೆ ಅದಕ್ಕಿಟ್ಟ ಹೆಸರು ಐಎನ್‌ಎಸ್ ಆಂಗ್ರೆ.