ಬ್ಯಾಡ್ಜ್ ಒಂದು, ಗೇಟ್ ಪಾಸ್ ಇನ್ನೊಂದು

1809ರಲ್ಲಿ ಹಲಸೂರಿನ ಸುತ್ತ ಬ್ರಿಟಿಷರ ದಂಡು ಬಂದು ನೆಲೆಸಿದ ಮೇಲೂ ಬೆಂಗಳೂರಿನ ಪೂರ್ವಕ್ಕೆ ದೊಡ್ಡ ಕಾರ್ಖಾನೆಗಳು ಬರಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್, 1948ರಲ್ಲಿ ಕೆ.ಆರ್. ಪುರದ ಬಳಿಯ ದೂರವಾಣಿನಗರದಲ್ಲಿ ದೂರವಾಣಿ ಉಪಕರಣಗಳ ಐಟಿಐ, 1964ರಲ್ಲಿ ಭಾರಿ ಯಂತ್ರಗಳ ಬಿಇಎಂಎಲ್. ಐಟಿಐ ಹುಟ್ಟಿದ ವರ್ಷವೇ ಬಂದ ಕಾರ್ಖಾನೆ ಕಾಯ್ದೆ, ಪ್ರತಿ ವಯಸ್ಕ ಕಾರ್ಮಿಕನ ಹೆಸರು, ಕೆಲಸ, ಗುಂಪು, ಪಾಳಿಗಳನ್ನು ರಿಜಿಸ್ಟರಿನಲ್ಲಿ ಬರೆಯಬೇಕೆಂದು ವಿಧಿಸಿತು. ಆ ಪುಸ್ತಕಕ್ಕೆ ಬೀಗ ಬೇಕಿರಲಿಲ್ಲ. ಟೈಮ್ ಆಫೀಸಿನ ಗೋಡೆ, ಗುಮಾಸ್ತನ ಪರಿಚಯ ಎರಡೇ ಸಾಕಿತ್ತು. ಆದರೆ ಗೇಟಿನಲ್ಲಿ ಎರಡು ಬೇರೆ ಬೇರೆ ವಸ್ತುಗಳ ಲೆಕ್ಕವಿರುತ್ತಿತ್ತು, ನನ್ನ ವಾದ ನಿಂತಿರುವುದು ಅವುಗಳ ನಡುವಿನ ವ್ಯತ್ಯಾಸದ ಮೇಲೆ. ಬ್ಯಾಡ್ಜ್ ಆಳು ಯಾರೆಂದು ಹೇಳುತ್ತದೆ. ಗೇಟ್ ಪಾಸ್ ಮಾತ್ರ ಯಾವ ಸಾಮಾನು, ಯಾವ ದಿನ, ಯಾರ ಸಹಿಯ ಮೇಲೆ ಎಂಬಷ್ಟನ್ನೇ ಹೇಳಿ ಅಲ್ಲಿಗೆ ಮುಗಿಯುತ್ತದೆ. ಕಂಪ್ಯೂಟರ್ ಬಂದಾಗ ನಾವು ಬ್ಯಾಡ್ಜನ್ನು ಮಾತ್ರ ಒಳಗೆ ಕರೆದುಕೊಂಡೆವು, ಪಾಸನ್ನು ಮರೆತೆವು.

1998ರಲ್ಲಿ ತಂತ್ರಾಂಶ ಕಂಪನಿ ಸ್ಯಾಪ್‌ನ ಶಾಖೆ ಸ್ಯಾಪ್ ಲ್ಯಾಬ್ಸ್ ಬೆಂಗಳೂರಿಗೆ ಬಂತು, ಮುಂದೆ ಅದೇ ಪೂರ್ವದ ವೈಟ್‌ಫೀಲ್ಡ್ ಅದರ ನೆಲೆಯಾಯಿತು. 2012ರಲ್ಲಿ ಸ್ಯಾಪ್, ಸಿಬ್ಬಂದಿ ವಿವರಗಳನ್ನು ಅಂತರ್ಜಾಲದ ಮೂಲಕ ನಿರ್ವಹಿಸುವ ತಂತ್ರಾಂಶದ ಸಕ್ಸಸ್‌ಫ್ಯಾಕ್ಟರ್ಸ್ ಕಂಪನಿಯನ್ನು ಕೊಂಡಿತು. ಅಷ್ಟರಲ್ಲಿ ಎಷ್ಟೋ ಕಂಪನಿಗಳ ಸಿಬ್ಬಂದಿ ವಿವರ ದೂರದ ಸರ್ವರ್ ಸೇರಿತ್ತು. ನಡುರಾತ್ರಿ ರಜೆ, ಸಂಬಳದ ಲೆಕ್ಕ ಕೇಳುವವನು ಗುಮಾಸ್ತನಲ್ಲ, ತಾನಾಗಿ ಓಡುವ ಪುಟ್ಟ ಪ್ರೋಗ್ರಾಂ, ಒಂದು ಪೈಥಾನ್ ಸ್ಕ್ರಿಪ್ಟ್. ಮುಖವಿಲ್ಲದ ಆ ಕೇಳುಗನಿಗೆ ಎಂಜಿನಿಯರುಗಳು ಮನುಷ್ಯನ ಹೆಸರು, ಪಾಸ್‌ವರ್ಡನ್ನೇ ಕೊಟ್ಟರು. ಬೇಸಿಕ್ ಅಥೆಂಟಿಕೇಷನ್ ಎಂಬ ಈ ವಿಧಾನದಲ್ಲಿ ಎರಡೂ ಬೇಸ್64 ಎಂಬ ಅಕ್ಷರರೂಪಕ್ಕೆ ತಿರುಗಿ ಪ್ರತಿ ಕೋರಿಕೆಯ ಜೊತೆ ಹೋಗುತ್ತವೆ. ಅದು ಲಿಪಿ ಬದಲಾವಣೆಯಷ್ಟೇ, ಗುಟ್ಟೇನೂ ಅಲ್ಲ. ಎಚ್‌ಟಿಟಿಪಿಎಸ್ ದಾರಿಯನ್ನು ಕಾಯುತ್ತದೆ, ಸ್ಕ್ರಿಪ್ಟಿನೊಳಗೆ ಬರೆದಿಟ್ಟ ಪಾಸ್‌ವರ್ಡನ್ನು ಕಾಯುವುದಿಲ್ಲ. ಆ ಪಾಸ್‌ವರ್ಡ್ ಸಿಕ್ಕವನಿಗೆ ಆ ಖಾತೆಯ ಅಧಿಕಾರವೆಲ್ಲ ಸಿಗುತ್ತದೆ.

2012ರ ಅಕ್ಟೋಬರಿನಲ್ಲಿ ಪ್ರಕಟವಾದ ಓಆತ್ 2.0 ಎಂಬ ಪ್ರವೇಶಾನುಮತಿ ಮಾನದಂಡ ಗೇಟ್ ಪಾಸನ್ನು ಮರಳಿ ತಂದಿತು. ಸಕ್ಸಸ್‌ಫ್ಯಾಕ್ಟರ್ಸ್‌ನಲ್ಲಿ ನಡೆಯುವುದು ಹೀಗೆ: ಖಾಸಗಿ ಕೀಲಿಯಿಂದ ಸಹಿ ಮಾಡಿದ ಸ್ಯಾಮಲ್ ಎಂಬ ಗುರುತಿನ ಹೇಳಿಕೆಯನ್ನು ಸ್ಕ್ರಿಪ್ಟ್ ಸಲ್ಲಿಸುತ್ತದೆ, ಸರ್ವರ್ ಸಹಿಯನ್ನು ಪರೀಕ್ಷಿಸಿ, ಅವಧಿ ನಮೂದಾದ ಟೋಕನ್ ಕೊಡುತ್ತದೆ, ಮುಂದಿನ ಕೋರಿಕೆಗಳ ಹೆಡರಿನಲ್ಲಿ ಹೋಗುವುದು ಆ ಟೋಕನ್ ಮಾತ್ರ. ಅದೇ ಹೊಸ ಗೇಟ್ ಪಾಸ್.

ಕೀಲಿ ಕದ್ದರೂ ಪಾಸ್‌ವರ್ಡ್ ಕದ್ದರೂ ಕಳ್ಳನಿಗೆ ಒಂದೇ ಅಲ್ಲವೇ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಟೋಕನ್ ಕೂಡ ಯಾರ ಕೈಯಲ್ಲಿದ್ದರೆ ಅವರದೇ. ಆದರೆ ಟೋಕನ್ ಕದ್ದವನಿಗೆ ಅವಧಿ ಮುಗಿಯುವವರೆಗಷ್ಟೇ ಬಾಗಿಲು ತೆರೆದಿರುತ್ತದೆ. ಕೀಲಿಯೇ ಹೋದರೆ ಆ ಒಂದು ಕ್ಲೈಂಟಿನ, ಅಂದರೆ ಆ ಸ್ಕ್ರಿಪ್ಟಿನ, ನೋಂದಣಿ ರದ್ದು ಮಾಡಿದರಾಯಿತು, ಉಳಿದವರ ಕೆಲಸ ನಿಲ್ಲುವುದಿಲ್ಲ. ಸೋಮಾರಿ ಆಡಳಿತಗಾರ ಸ್ಕ್ರಿಪ್ಟಿನ ಖಾತೆಗೆ ಸಕಲ ಅಧಿಕಾರವನ್ನೂ ಕೊಟ್ಟಿದ್ದರೆ ಮಾತ್ರ ಆಕ್ಷೇಪಣೆ ಗೆಲ್ಲುತ್ತದೆ: ಊರೆಲ್ಲ ಸುತ್ತಬಹುದಾದ ಪಾಸ್ ಪಾಸೇ ಅಲ್ಲ. ಹಳೆಯ ಕಾರ್ಖಾನೆಯ ಶಿಸ್ತು ಸಡಿಲವಾಗಿತ್ತು, ಅದನ್ನೇಕೆ ಹೊಗಳುವುದು ಎನ್ನುವವರೂ ಇದ್ದಾರೆ. ಆಗಲೂ ಸುಳ್ಳು ಹಾಜರಿ ಬೀಳುತ್ತಿತ್ತು, ನಿಜ. ಆದರೆ ನಿವೃತ್ತನ ಬ್ಯಾಡ್ಜ್ ವಾಪಸ್ ಪಡೆಯಲು ಒಬ್ಬ ಗುಮಾಸ್ತನಿದ್ದ. ಸ್ಕ್ರಿಪ್ಟ್ ಬರೆದ ಎಂಜಿನಿಯರ್ ಕಂಪನಿ ಬಿಟ್ಟಾಗ ಅದರ ಕೀಲಿ ಬದಲಿಸುವುದು ಯಾರ ಕೆಲಸವೆಂದು ಎಷ್ಟೋ ಕಡೆ ಇನ್ನೂ ತೀರ್ಮಾನವಾಗಿಲ್ಲ.