ಸಿಸಿ ಕೇಳಿದರಷ್ಟೇ ಸಾಲದು

ಮಾರತ್ತಹಳ್ಳಿಯ ಹೊರ ವರ್ತುಲ ರಸ್ತೆಯಲ್ಲಿ ಕಾರು ಕೊಳ್ಳಲು ಹೊರಟವರು ಬೆಲೆ, ಮೈಲೇಜ್ ವಿಚಾರಿಸಿದ ಮೇಲೆ ಕೇಳುವ ಪ್ರಶ್ನೆ ‘ಎಷ್ಟು ಸಿಸಿ?’ ಸಿಸಿ ಹೆಚ್ಚಿದ್ದರೆ ಪಿಕಪ್ ಹೆಚ್ಚು ಎಂಬ ನಂಬಿಕೆ ಅಂಬಾಸಿಡರ್ ಕಾಲದ್ದು. ಈ ನಲವತ್ತು ವರ್ಷಗಳಲ್ಲಿ ಅದು ಅರ್ಧದಷ್ಟೇ ನಿಜವಾಗಿ ಉಳಿದಿದೆ.

ಪಿಸ್ಟನ್ ಮೇಲಿಂದ ಕೆಳಕ್ಕೆ ಸರಿದಾಗ ಸಿಲಿಂಡರಿನಲ್ಲಿ ತೆರೆದುಕೊಳ್ಳುವ ಜಾಗದ ಅಳತೆಯೇ ಸಿಸಿ. ಮಾರುತಿ 800ರ ಸಿಲಿಂಡರ್ 68.5 ಮಿ.ಮೀ. ಅಗಲ, ಪಿಸ್ಟನ್ನಿನ ಓಟ 72 ಮಿ.ಮೀ. ಅಂಥ ಮೂರು ಸಿಲಿಂಡರ್ ಸೇರಿ 796 ಸಿಸಿ. ಜಾಗ ಹೆಚ್ಚಿದಷ್ಟೂ ಹೆಚ್ಚು ಗಾಳಿ, ಹೆಚ್ಚು ಇಂಧನ, ಹೆಚ್ಚು ಬಲ. ಲೆಕ್ಕ ಇಷ್ಟು ಸರಳವಾದರೂ, 1983ರ ಕೊನೆಯಲ್ಲಿ ರಸ್ತೆಗಿಳಿದ ಇದೇ ಮಾರುತಿ ಅದನ್ನು ತಲೆಕೆಳಗು ಮಾಡಿತು. 1489 ಸಿಸಿಯ ಅಂಬಾಸಿಡರ್ ಸುಮಾರು 50 ಕುದುರೆಶಕ್ತಿಯಲ್ಲಿ ಸಾವಿರ ಕಿಲೋಗೂ ಮಿಕ್ಕಿದ ಮೈಯನ್ನು ಎಳೆಯಬೇಕಿತ್ತು. ಮಾರುತಿಯ ಸುಮಾರು 37 ಕುದುರೆಗಳಿಗೆ ಹೊರಬೇಕಾದದ್ದು 650 ಕಿಲೋದಷ್ಟೇ. ಇದಕ್ಕೂ ಮುಂಚೆ ನಮ್ಮ ಬೆಂಗಳೂರಿನದೇ ಸಿಪಾನಿ ಕಂಪನಿ 848 ಸಿಸಿಯ ಡಾಲ್ಫಿನ್ ತಂದಿತ್ತು. ಫೈಬರ್‌ಗ್ಲಾಸ್ ಮೈಯ ಆ ಹಗುರ ಕಾರು ರ‍್ಯಾಲಿಗಳಲ್ಲಿ ಹೆಸರು ಮಾಡಿದ್ದನ್ನು ಈ ಊರು ಮರೆಯಬಾರದು.

2000ದ ಹೊತ್ತಿಗೆ ಹೊಗೆಯ ನಿಯಮ ಬಿಗಿಯಾಗಿ, ಕಾರ್ಬುರೇಟರ್ ಹೋಗಿ, ಇಂಧನವನ್ನು ಅಳೆದು ಚಿಮ್ಮಿಸುವ ಎಂಪಿಎಫ್‌ಐ ಬಂತು. ಅದೇ ವರ್ಷ ಬಿಡದಿಯ ಕಾರ್ಖಾನೆಯಿಂದ ಬಂದ ಕ್ವಾಲಿಸ್ 2.4 ಲೀಟರ್ ಡೀಸೆಲ್ ಎಂಜಿನ್ನಿನಿಂದ ಸುಮಾರು 75 ಕುದುರೆ ತೆಗೆಯುತ್ತಿತ್ತು. ಕೆಲವೇ ವರ್ಷಗಳಲ್ಲಿ ಸ್ವಿಫ್ಟ್ ಡೀಸೆಲ್ ಅಷ್ಟೇ ಶಕ್ತಿಯನ್ನು 1248 ಸಿಸಿಯಲ್ಲಿ ಕೊಟ್ಟಿತು. 2013ರ ಇಕೋಸ್ಪೋರ್ಟ್ 999 ಸಿಸಿ ಪೆಟ್ರೋಲ್ ಎಂಜಿನ್ನಿನಲ್ಲಿ ಸುಮಾರು 125 ಮುಟ್ಟಿತು. ಇದು ಟರ್ಬೊ ಮಾಡಿದ ಕೆಲಸ: ಹೊರಹೋಗುವ ಹೊಗೆಯ ವೇಗದಲ್ಲಿ ಚಕ್ರ ತಿರುಗಿಸಿ, ಅದೇ ಜಾಗಕ್ಕೆ ಹೆಚ್ಚು ಗಾಳಿ ತುರುಕುವುದು.

ಬೆಂಗಳೂರಿಗೆ ಇದು ಇನ್ನೂ ಮುಖ್ಯ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಸುಮಾರು ಶೇ 10ರಷ್ಟು ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಅಷ್ಟರಮಟ್ಟಿಗೆ ಸೊರಗುತ್ತದೆ. ಟರ್ಬೊ ಆ ಕೊರತೆಯನ್ನು ಬಹುಪಾಲು ತುಂಬಿಕೊಡುತ್ತದೆ. ಎರಡನೇ ಮಹಾಯುದ್ಧದ ಪಿಸ್ಟನ್ ವಿಮಾನಗಳು ಮೇಲೇರಿದಾಗ ಎದುರಿಸಿದ್ದೂ ಇದೇ ತೊಂದರೆ; ಎಂಜಿನ್ನಿಗೆ ಗಾಳಿ ತುರುಕುವ ಸೂಪರ್‌ಚಾರ್ಜರ್ ಅದಕ್ಕೆ ಉತ್ತರವಾಗಿತ್ತು.

ಆದರೂ ಟರ್ಬೊ ಕಾರನ್ನು ಕಣ್ಣುಮುಚ್ಚಿ ಕೊಳ್ಳಿ ಎನ್ನಲಾರೆ. ಎಂಜಿನ್ ನಿಮಿಷಕ್ಕೆ ಸುಮಾರು 1500 ಸುತ್ತು ದಾಟುವವರೆಗೆ ಟರ್ಬೊಗೆ ಪೂರ್ತಿ ಉಸಿರು ಬರುವುದಿಲ್ಲ. ಸಂಜೆಯ ಜಾಮಿನಲ್ಲಿ ಒಂದನೇ ಗೇರಿನಲ್ಲಿ ತೆವಳುವಾಗ ಒಂದು ಲೀಟರ್ ಟರ್ಬೊ ಎಂಜಿನ್ ಬರಿಯ ಒಂದು ಲೀಟರ್ ಎಂಜಿನ್ನೇ. ಅಂಥಲ್ಲಿ ನಾಲ್ಕು ಸಿಲಿಂಡರಿನ ಸಾದಾ 1.2 ಲೀಟರ್ ಎಂಜಿನ್ ಓಡಿಸುವವರಿಗೆ ಹಿತ. ಅದಕ್ಕೇ ಕುದುರೆಶಕ್ತಿಗಿಂತ ಟಾರ್ಕ್, ಅಂದರೆ ಎಂಜಿನ್ನಿನ ತಿರುಗುಬಲ ಎಷ್ಟು, ಅದು ಯಾವ ಸುತ್ತಿನಲ್ಲಿ ಸಿಗುತ್ತದೆ ಎಂಬುದನ್ನು ಕೇಳಬೇಕು.

ಸಿಸಿಯನ್ನು ಈಗಲೂ ಬಿಡದೆ ಹಿಡಿದಿರುವುದು ತೆರಿಗೆ. 2006ರ ಬಜೆಟ್ಟು ನಾಲ್ಕು ಮೀಟರಿನೊಳಗಿನ ಕಾರುಗಳಿಗೆ ಪೆಟ್ರೋಲ್ 1200, ಡೀಸೆಲ್ 1500 ಸಿಸಿಯ ಗೆರೆ ಎಳೆದು ಸುಂಕ ಇಳಿಸಿತು. ಕಂಪನಿಗಳು 1197, 1199 ಸಿಸಿಯ ಎಂಜಿನ್ ಮಾಡುತ್ತ ಬಂದದ್ದು ಆ ಗೆರೆಗೆ ಅಂಜಿ. 2025ರ ಸೆಪ್ಟೆಂಬರ್ 22ರಿಂದ ಗೆರೆಯೊಳಗಿನ ಕಾರಿಗೆ ಜಿಎಸ್‌ಟಿ ಶೇ 18, ದಾಟಿದರೆ ಶೇ 40. ಹೊಗೆಯನ್ನೂ ತೂಕವನ್ನೂ ಲೆಕ್ಕಿಸದೆ ಸಿಲಿಂಡರಿನ ಜಾಗಕ್ಕೆ ತೆರಿಗೆ ಹಾಕುವುದು ಈಗಿನ ಎಂಜಿನ್ನುಗಳಿಗೆ ಹೊಂದದ ಕ್ರಮ, ಇದು ಬದಲಾಗಬೇಕು.

ಕೊಳ್ಳುವವರಿಗೆ ಒಂದು ಮಾತು. ಟೆಸ್ಟ್ ಡ್ರೈವಿಗೆ ಖಾಲಿ ರಸ್ತೆ ಬೇಡ. ಮನೆಯವರನ್ನೆಲ್ಲ ಕೂರಿಸಿಕೊಂಡು, ಎಸಿ ಹಾಕಿ, ಸಂಜೆ ಆರರ ಮೇಲೆ ಓಡಿಸಿ. ಸೇತುವೆಯ ಏರಿನಲ್ಲಿ ನಿಂತು ಮತ್ತೆ ಹೊರಡುವಾಗ ಎಂಜಿನ್ ಏದುಸಿರು ಬಿಟ್ಟರೆ, ಸಿಸಿ ಎಷ್ಟೇ ಇರಲಿ, ಆ ಕಾರು ನಿಮಗಲ್ಲ.