ಬೀಜಗಣಿತದ ತಾಳೆ ಮತ್ತು ವಾರಸುದಾರರ ಹಕ್ಕು

ಸಮೀಕರಣ ಬಿಡಿಸುವ ಮಕ್ಕಳು "ಇದು ಬದುಕಿನಲ್ಲಿ ಎಲ್ಲಿ ಉಪಯೋಗಕ್ಕೆ ಬರುತ್ತದೆ?" ಎಂದು ಕೇಳುವುದುಂಟು. ಸುಮಾರು 1200 ವರ್ಷಗಳ ಹಿಂದೆಯೇ ಬಗ್ದಾದಿನ ಒಬ್ಬ ವಿದ್ವಾಂಸರು ಇದಕ್ಕೆ ಉತ್ತರ ಬರೆದಿಟ್ಟಿದ್ದಾರೆ.

ಮುಹಮ್ಮದ್ ಇಬ್ನ್ ಮೂಸಾ ಅಲ್ ಖವಾರಿಝ್ಮಿ ಅವರು ಖಲೀಫ ಮಾಮೂನರ (813–833) ಕಾಲದವರು. ಅಜ್ಞಾತ ಸಂಖ್ಯೆಯನ್ನು ಹುಡುಕುವ ಲೆಕ್ಕ ಭಾರತದ ಬ್ರಹ್ಮಗುಪ್ತರಿಗೂ ಗೊತ್ತಿತ್ತು. ಖವಾರಿಝ್ಮಿಯವರು ಅದನ್ನು ಕ್ರಮಬದ್ಧ ಶಾಸ್ತ್ರವಾಗಿ 'ಅಲ್ ಜಬ್ರ್ ವಲ್ ಮುಕಾಬಲ'ದ ಗ್ರಂಥದಲ್ಲಿ ಬರೆದರು. ವಾರಸು, ವಸಿಯ್ಯತ್, ವ್ಯಾಪಾರ, ಜಮೀನಿನ ಅಳತೆ, ಕಾಲುವೆ ತೋಡುವುದು ಮುಂತಾದ ಜನರ ಅಗತ್ಯಗಳಿಗಾಗಿ ಇದನ್ನು ಬರೆದೆನೆಂದು ಮುನ್ನುಡಿಯಲ್ಲೇ ಹೇಳಿದರು. ಗ್ರಂಥದ ದೊಡ್ಡ ಭಾಗ ವಸಿಯ್ಯತ್ ಮತ್ತು ವಾರಸಿನ ಲೆಕ್ಕಗಳಿಗೇ ಮೀಸಲು. 1145ರಲ್ಲಿ ಅದು ಲ್ಯಾಟಿನ್‌ಗೆ ಅನುವಾದಗೊಂಡಿತು. 'ಅಲ್ ಜಬ್ರ್' ಯುರೋಪಿನಲ್ಲಿ 'ಆಲ್ಜೀಬ್ರ' ಆಯಿತು.

ಅವರ ಗ್ರಂಥದಲ್ಲಿ ಇಂದಿನಂತೆ ಚಿಹ್ನೆಗಳಿಲ್ಲ, ಎಲ್ಲವೂ ಮಾತಿನಲ್ಲೇ ಇದೆ. ಅಜ್ಞಾತ ಸಂಖ್ಯೆಗೆ ಅವರು 'ಶೈಅ್', ಅಂದರೆ 'ವಸ್ತು' ಎನ್ನುತ್ತಾರೆ. ವಿಧಾನ ತಿಳಿಯಲು ಒಂದು ಸರಳ ಲೆಕ್ಕ ನೋಡೋಣ. ಒಂದು ವಸ್ತುವಿನ ನಾಲ್ಕು ಪಟ್ಟಿನಿಂದ 5 ಕಳೆದರೆ, ಅದೇ ವಸ್ತುವಿಗೆ 16 ಕೂಡಿಸಿದಷ್ಟಾಗುತ್ತದೆ. ಕೊರತೆಯಿರುವ 5ನ್ನು ಎರಡೂ ಕಡೆ ತುಂಬುವುದೇ ಜಬ್ರ್: ನಾಲ್ಕು ವಸ್ತು ಎಂದರೆ ಒಂದು ವಸ್ತು ಮತ್ತು 21. ಎರಡೂ ಕಡೆಯಿರುವ ಸಮಾನ ಭಾಗವನ್ನು ತೆಗೆಯುವುದೇ ಮುಕಾಬಲ: ಮೂರು ವಸ್ತು ಎಂದರೆ 21. ಆದ್ದರಿಂದ ವಸ್ತು 7.

ಇನ್ನು ತಾಳೆ. 7ರ ನಾಲ್ಕು ಪಟ್ಟು 28, ಐದು ಕಳೆದರೆ 23. ಏಳಕ್ಕೆ 16 ಕೂಡಿಸಿದರೂ 23. ಉತ್ತರ ಸರಿ. ಇಲ್ಲಿ ಉತ್ತರವನ್ನು ಕೊನೆಯ ಸಾಲಿಗಲ್ಲ, ಮೊದಲು ಕೊಟ್ಟ ಪ್ರಶ್ನೆಗೇ ಇಟ್ಟು ನೋಡಬೇಕು. ನಡುವಿನ ಹೆಜ್ಜೆಯಲ್ಲಿ ತಪ್ಪಾಗಿದ್ದರೆ ಕೊನೆಯ ಸಾಲು ಅದನ್ನು ತೋರಿಸಿಕೊಡುವುದಿಲ್ಲ.

ಗ್ರಂಥದ ಒಂದು ವಾರಸಿನ ಲೆಕ್ಕ ಹೀಗಿದೆ: ಮಹಿಳೆಯೊಬ್ಬರು ಪತಿ, ಒಬ್ಬ ಮಗ ಮತ್ತು ಮೂವರು ಹೆಣ್ಣುಮಕ್ಕಳನ್ನು ಬಿಟ್ಟು ತೀರಿಕೊಂಡರು. ಆಸ್ತಿಯ ಎಂಟನೇ ಒಂದು ಮತ್ತು ಏಳನೇ ಒಂದು ಭಾಗವನ್ನು ಬೇರೊಬ್ಬರಿಗೆ ವಸಿಯ್ಯತ್ ಮಾಡಿದ್ದರು. ಆಸ್ತಿಯನ್ನು 1120 ಭಾಗ ಮಾಡಿದರೆ ವಸಿಯ್ಯತ್‌ಗೆ 300 ಹೋಗಿ 820 ಉಳಿಯುತ್ತದೆ. ಪತಿಗೆ ಕಾಲು ಭಾಗ, 205. ಉಳಿದುದರಲ್ಲಿ ಮಗನಿಗೆ 246, ಹೆಣ್ಣುಮಕ್ಕಳಿಗೆ ತಲಾ 123. ಎಲ್ಲವನ್ನೂ ಕೂಡಿಸಿ ನೋಡಿ, 1120 ಆಗುತ್ತದೆ.

ಆದರೆ ಮೊತ್ತ ಕೂಡಿಬಂದ ಮಾತ್ರಕ್ಕೆ ನ್ಯಾಯ ಸಂದಿತೇ? ಮೂವರು ಹೆಣ್ಣುಮಕ್ಕಳನ್ನೂ ಬಿಟ್ಟು ಪತಿಗೆ 205, ಮಗನಿಗೆ 615 ಎಂದು ಬರೆದರೂ ಮೊತ್ತ 820 ಆಗುತ್ತದೆ! ಕೊನೆಯ ಸಾಲು ಸರಿಯಾಗಿ ಕಂಡರೂ ಮೊದಲ ಪ್ರಶ್ನೆಗೆ ಮೋಸವಾಗಿರುತ್ತದೆ. ನಮ್ಮ ಮನೆಗಳಲ್ಲೂ ಮದುವೆಯಾಗಿ ಹೋದ ಸಹೋದರಿಯರ ಪಾಲು ಕಾಗದದಿಂದ ಜಾರಿಹೋಗುವುದು ಹೀಗೆಯೇ.

ಪವಿತ್ರ ಕುರ್‌ಆನಿನ ಸೂರಃ ಅನ್ನಿಸಾ ಈ ಪಾಲುಗಳನ್ನು ನಿಗದಿಪಡಿಸಿದೆ. ಆದ್ದರಿಂದ ಸಹಿ ಹಾಕುವ ಮುನ್ನ ಎರಡು ತಾಳೆ ನೋಡೋಣ: ಮೊತ್ತ ಸರಿಯಿದೆಯೇ? ಹಕ್ಕುದಾರರೆಲ್ಲರ ಹೆಸರೂ ಇದೆಯೇ? ಎರಡಕ್ಕೂ ಹೌದು ಎನ್ನುವಂತಿದ್ದರೆ ಮಾತ್ರ ಲೆಕ್ಕ ಮುಗಿಯಿತು.